ಭಾನುವಾರದ ಮನೆ

ಫೋರ್ಟ್, ಮುಂಬಯಿ
8 ಜನವರಿ 2023, ಭಾನುವಾರ

ಶೀಲಾ,

ಇವತ್ತು ನಮ್ಮ ಮನೆಗೆ ನೆಲ ಬಂತು. ಗೋಡೆಯಿಲ್ಲ, ಸೂರಿಲ್ಲ, ಬರೀ ನೆಲ. ಭಾಂಡುಪ್‌ನ ಬಿಲ್ಡಿಂಗಿನಲ್ಲಿ ನಮ್ಮ ಐದನೇ ಮಾಳಿಗೆಯ ಸ್ಲ್ಯಾಬ್ ಶುಕ್ರವಾರ ಹಾಕಿದರಂತೆ. ಹಸಿ ಇದೆ ಎಂದು ಮೇಲೆ ಹತ್ತಲು ಬಿಡಲಿಲ್ಲ. ನಾನು ರಸ್ತೆಯ ಆಚೆ ಚಹಾದವನ ಬೆಂಚಿನಲ್ಲಿ ಕೂತು, ಕತ್ತು ನೋಯುವವರೆಗೆ ಮೇಲೆ ನೋಡಿ ಬಂದೆ.

ಫೋನಿನಲ್ಲಿ ಹೇಳಬಹುದಿತ್ತು. ನಮ್ಮ ಫೋನು ನಿನಗೆ ಗೊತ್ತೇ ಇದೆಯಲ್ಲ. ಊಟ ಆಯಿತಾ, ಆಯಿತು, ಇಡಲಾ, ಇಡು. ಇಲ್ಲಿ ಹೋಟೆಲಿನ ಅಟ್ಟದಲ್ಲಿ ನನ್ನ ಚಾಪೆಯ ಎರಡೂ ಕಡೆ ಜನ. ಅಲ್ಲಿ ನಿನ್ನ ಸುತ್ತ ಬೀಡಿ ಕಟ್ಟುವ ಹೆಂಗಸರು. ಅದೂ ಅಲ್ಲದೆ ತುಳುವಿನಲ್ಲಿ ಬಾಯಿ ತೆರೆದರೆ ನಾನು ಬೈಯುವುದೇ ಹೆಚ್ಚು ಎಂದು ನೀನೇ ಹೇಳಿದ್ದೆ. ಕನ್ನಡದಲ್ಲಿ ಬರೆಯಲು ಕೂತರೆ ಸ್ವಲ್ಪ ಮನುಷ್ಯನಾಗುತ್ತೇನೆ. ಅದು ಇಲ್ಲಿಯ ರಾತ್ರಿ ಶಾಲೆಯ ಮಾಸ್ತರರ ಪುಣ್ಯ.

ನಮ್ಮ ಕಡೆಯ ಗಂಡಸರ ಹಣೆಬರಹ ನೋಡು, ಮನೆಗಳೆಲ್ಲ ಹೆಂಗಸರ ಹೆಸರಿಗೆ. ಹುಟ್ಟಿದ ಮನೆ ತಂಗಿಯಂದಿರದ್ದು, ಅಲ್ಲಿ ನಾನು ಮಕ್ಕಳಿಗೆ ಮಾವ. ನಿನ್ನ ಮನೆ ನಿನ್ನದು ಮತ್ತು ನಿನ್ನ ಅಕ್ಕ ನಾಗರತ್ನಾಳದ್ದು, ಅಲ್ಲಿ ನಾನು ನೆಂಟ. ರಜೆಯಲ್ಲಿ ಬಂದಾಗ ಮೊದಲ ಎಲೆ ನನಗೆ ಹಾಕುತ್ತೀರಿ, ಒಂದು ಕೊಡ ನೀರು ಎತ್ತಲು ಬಿಡುವುದಿಲ್ಲ. ಮದುವೆಯಾದಲ್ಲಿಂದ ವರ್ಷಕ್ಕೊಂದು ತಿಂಗಳು ಮಾತ್ರ ನಾವು ಗಂಡ ಹೆಂಡತಿ. ಮಗಳ ಮದುವೆಯೂ ಆಯಿತು. ಶ್ರಾವ್ಯಾ ಅವಳ ಗಂಡನ ಜೊತೆ ಸುರತ್ಕಲ್ಲಿನಲ್ಲಿ ದಿನವೂ ಒಟ್ಟಿಗೆ ಉಣ್ಣುತ್ತಾಳೆ. ಅಪ್ಪನಾಗಿ ಖುಷಿಪಡಬೇಕು, ಪಡುತ್ತೇನೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಭಾಂಡುಪ್‌ನ ಮನೆ ಆದ ದಿನ ನೀನು ಬರಬೇಕು. ನೆಂಟಳಾಗಿ ಅಲ್ಲ, ಇರುವುದಕ್ಕೆ.

ಕಾಂತಪ್ಪ


ಬೆಳ್ಮಣ್
19 ಜನವರಿ 2023

ಶ್ರಾವ್ಯಾಳ ಅಪ್ಪನಿಗೆ,

ಕಾಗದ ಸಿಕ್ಕಿತು. ಓದಬಹುದಾದಷ್ಟನ್ನು ಅಕ್ಕನಿಗೆ ಓದಿ ಹೇಳಿದೆ. ನೆಲ ಬಂದದ್ದಕ್ಕೆ ಇಷ್ಟು ಉದ್ದ ಬರೆದವರು ಬಾಗಿಲು ಬಂದಾಗ ಪುಸ್ತಕವನ್ನೇ ಬರೆಯುತ್ತಾರೆ ಎಂದು ನಕ್ಕಳು. ಉಳಿದದ್ದನ್ನು ನಾನು ಕೊಟ್ಟಿಗೆಯ ಹಿಂದೆ ನಿಂತು ಓದಿದೆ.

ಶ್ರಾವ್ಯಾ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಅದರಲ್ಲಿ ಬಿದಿರು, ಹಸಿರು ಪರದೆ ಬಿಟ್ಟರೆ ಏನೂ ಕಾಣಲಿಲ್ಲ. ನೀವು ಬರೆದರೆ ಮನೆ ಕಾಣುತ್ತದೆ. ಹಾಗಾಗಿ ಕೇಳುತ್ತೇನೆ. ಕಿಟಕಿ ಯಾವ ದಿಕ್ಕಿಗೆ? ಅಲ್ಲಿಂದ ಮಣ್ಣು ಕಾಣುತ್ತದೆಯಾ? ತುಳಸಿ ಎಲ್ಲಿ ಇಡುವುದು? ತಲೆಯ ಮೇಲಿನ ಮಾಳಿಗೆಯಲ್ಲಿ ಯಾರು ನಡೆದಾಡುತ್ತಾರೆ, ಎಂಥ ಜನ? ಬಾಗಿಲು ಹಾಕಿದರೆ ಪಕ್ಕದ ಮನೆಯವರ ಮಾತು ಕೇಳುತ್ತದೆಯಾ? ಮತ್ತೆ, ಅಲ್ಲಿಂದ ನಿಮ್ಮ ಹೋಟೆಲಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು?

ಉಳಿದಂತೆ ಎಲ್ಲರೂ ಸೌಖ್ಯ. ಕರಿ ದನ ಕರು ಹಾಕಿತು.

ಶೀಲಾವತಿ


ಫೋರ್ಟ್, ಮುಂಬಯಿ
5 ಮಾರ್ಚ್ 2023

ಶೀಲಾ,

ನೀನು ಇಷ್ಟೆಲ್ಲ ಕೇಳಿದ್ದು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ನಿನಗೂ ನನ್ನಷ್ಟೇ ಅವಸರ ಎಂದು ಗೊತ್ತಿರಲಿಲ್ಲ.

ಇವತ್ತು ಮೇಲೆ ಹತ್ತಿದೆ. ಅಲ್ಲಿಯ ವಾಚ್‌ಮನ್ ಗುರಲಿಂಗಪ್ಪ ಎಂದು, ಇಂಡಿ ಕಡೆಯವರು. ನಾನು ಕನ್ನಡದವನೆಂದು ಹೋದ ತಿಂಗಳು ತಿಳಿದಲ್ಲಿಂದ ಗುರುತು, ಇವತ್ತು ಮೇಲೆ ಬಿಟ್ಟರು. ಅವರ ಹೆಂಡತಿ ಹನುಮವ್ವ ಅಲ್ಲಿಯೇ ಹಸಿ ಸಿಮೆಂಟಿಗೆ ನೀರು ಹೊಡೆಯುವ ಕೆಲಸ ಮಾಡುತ್ತಾಳೆ. ಇಬ್ಬರೂ ಕೆಳಗೆ ತಗಡಿನ ಕೋಣೆಯಲ್ಲಿ ಇರುತ್ತಾರೆ.

ಕಿಟಕಿ ಪಡುವಣಕ್ಕೆ. ಗುಡ್ಡ ಕಾಣುತ್ತದೆ, ಹಸಿರು ಗುಡ್ಡ. ಮಣ್ಣು ಕೆಳಗೆ ಇದೆ, ಬಗ್ಗಿ ನೋಡಿದರೆ ಕಾಣುತ್ತದೆ, ಬಗ್ಗಬೇಡ. ತುಳಸಿಗೆ ಅಡುಗೆ ಕೋಣೆಯ ಹಿಂದೆ ಮೂರು ಗೇಣಿನ ಜಾಗವಿದೆ. ಮೇಲಿನ ಮಾಳಿಗೆಯವರು ಗುಜರಾತಿಗಳಂತೆ, ಗೋಡೆ ಇನ್ನೂ ಇಲ್ಲವಾದ್ದರಿಂದ ಪಕ್ಕದವರ ಮಾತಿನ ಬಗ್ಗೆ ಈಗಲೇ ಹೇಳಲಾರೆ. ನಾನು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದೆ. ಮಂಚ ಇಲ್ಲಿ, ದೇವರು ಅಲ್ಲಿ, ನೀನು ಕೂರುವುದು ಕಿಟಕಿಯ ಹತ್ತಿರ. ಗೆರೆಯ ಒಳಗೆ ಸ್ವಲ್ಪ ಹೊತ್ತು ಕೂತೂ ನೋಡಿದೆ, ಗಾಳಿ ಚೆನ್ನಾಗಿದೆ.

ಒಂದು ಮಾತು. ಇಲ್ಲಿಗೆ ಬಂದ ಮೇಲೆ ನೀನು ಬೀಡಿ ಕಟ್ಟುವುದು ಬೇಡ. ಮೂವತ್ತು ವರ್ಷ ಕಟ್ಟಿದ್ದು ಸಾಕು.

ಕಾಂತಪ್ಪ


ಬೆಳ್ಮಣ್
16 ಮಾರ್ಚ್ 2023

ಶ್ರಾವ್ಯಾಳ ಅಪ್ಪನಿಗೆ,

ನನಗೆ ಅವಸರವೆಂದು ಯಾರು ಹೇಳಿದರು? ಕೇಳಿದವರಿಗೆಲ್ಲ ಅವಸರವಾ? ಹೆದರಿಕೆಯಾದವರೂ ಕೇಳುತ್ತಾರೆ.

ಬೀಡಿ ಬಿಟ್ಟರೆ ಹಗಲಿಡೀ ನಾನು ಯಾರ ಮುಖ ನೋಡಲಿ? ಇಲ್ಲಿ ಜಗಲಿಯಲ್ಲಿ ಆರು ಜನ ಕೂರುತ್ತೇವೆ. ಕೈ ಅದರ ಪಾಡಿಗೆ ಎಲೆ ಸುತ್ತುತ್ತದೆ, ಬಾಯಿ ಊರೆಲ್ಲ ಸುತ್ತುತ್ತದೆ. ಅಲ್ಲಿ ಗೆರೆ ಎಳೆದು ಕೂರಿಸುತ್ತೇನೆ ಎಂದಿರಿ. ಇಲ್ಲಿ ನೀವು ನೆಂಟ, ಅಲ್ಲಿ ನಾನು ನೆಂಟಳು. ಅದಲು ಬದಲು ಅಷ್ಟೇ ಅಲ್ಲವಾ?

ಇಷ್ಟು ಬರೆದು ಕಾಗದ ಮಡಚಿಟ್ಟಿದ್ದೆ. ಸಂಜೆ ಮತ್ತೆ ತೆರೆದಿದ್ದೇನೆ. ಆಸೆ ನನಗೂ ಇದೆ. ತುಳುವಿನಲ್ಲಿ ಇದನ್ನು ಸತ್ತರೂ ಹೇಳಲಾರೆ, ಬರೆಯುತ್ತೇನೆ. ನೀವು ರಜೆ ಮುಗಿಸಿ ಬಸ್ಸು ಹತ್ತಿದ ಮೇಲೆ ನೀವು ಮೈ ಒರೆಸಿದ ಬೈರಾಸನ್ನು ನಾನು ಒಗೆಯುವುದಿಲ್ಲ. ವಾಸನೆ ಪೂರ್ತಿ ಹೋಗುವವರೆಗೆ ತಲೆಯ ಅಡಿಯಲ್ಲಿ ಇಟ್ಟುಕೊಳ್ಳುತ್ತೇನೆ. ಅಕ್ಕನಿಗೆ ಗೊತ್ತಾಗಿದೆ, ಗೊತ್ತಿಲ್ಲದವಳ ಹಾಗೆ ಇರುತ್ತಾಳೆ.

ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಕೇಳಿದ್ದೆ. ನೀವು ಬರೆಯಲು ಮರೆತಿದ್ದೀರಿ. ಗಂಜಿ ಮಾಡಿಕೊಡಲು ನಾನು ಯಾವಾಗ ಏಳಬೇಕೆಂದು ತಿಳಿಯಬೇಕು.

ಮೇ ತಿಂಗಳಲ್ಲಿ ಬರುವಾಗ ಅಲ್ಲಿಯ ಖರ್ಜೂರ ತನ್ನಿ.

ಶೀಲಾವತಿ


ಫೋರ್ಟ್, ಮುಂಬಯಿ
30 ಜುಲೈ 2023

ಶೀಲಾ,

ಮೇ ತಿಂಗಳಲ್ಲಿ ಬರಲಿಲ್ಲವೆಂದು ನಿನಗೆ ಸಿಟ್ಟು. ಫೋನಿನಲ್ಲಿ ಹೇಳಿದ್ದೇ ಕಾರಣ, ರಜೆ ಕೂಡಿಡುತ್ತಿದ್ದೇನೆ. ಹಾಲು ಉಕ್ಕಿಸಿ ಮನೆ ಒಕ್ಕಲು ಮಾಡುವಾಗ ಒಟ್ಟಿಗೆ ತೆಗೆದುಕೊಳ್ಳಬಹುದು. ಆಗ ನಿನ್ನನ್ನು ಕರೆತರಲು ನಾನೇ ಊರಿಗೆ ಬರುತ್ತೇನೆ.

ಕೆಲಸ ಸದ್ಯ ನಿಂತಿದೆ. ಮಳೆ ಜೋರು. ಯಾವುದೋ ಪರವಾನಗಿಯ ಕಾಗದವೂ ಬರಬೇಕಂತೆ. ಒಂಬತ್ತನೇ ಮಾಳಿಗೆಯ ಮೇಲೆ ಸರಳುಗಳು ತುಕ್ಕು ಹಿಡಿದು ನಿಂತಿವೆ. ಆದರೂ ಭಾನುವಾರ ಬಂದರೆ ಕಾಲು ನಿಲ್ಲುವುದಿಲ್ಲ. ಆಫೀಸುಗಳಿಗೆ ರಜೆಯಾದ್ದರಿಂದ ಫೋರ್ಟ್ ಖಾಲಿ, ಹೋಟೆಲೂ ಬಂದ್. ವೀಟಿ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಹತ್ತಿ ಭಾಂಡುಪ್‌ಗೆ ಹೋಗುತ್ತೇನೆ.

ಅಲ್ಲಿ ಗುರಲಿಂಗಪ್ಪನವರ ತಗಡಿನ ಕೋಣೆಯಲ್ಲಿ ಕೂರುತ್ತೇನೆ. ಹೋದ ವಾರ ಗಂಡ ಹೆಂಡತಿ ಪಲ್ಯಕ್ಕೆ ಖಾರ ಹೆಚ್ಚಾಯಿತೆಂದು ಜಗಳವಾಡಿದರು. ಅವನು ತಟ್ಟೆ ದೂಡಿದ, ಅವಳು ಬೆನ್ನು ತಿರುಗಿಸಿ ಕೂತಳು. ಐದು ನಿಮಿಷದಲ್ಲಿ ಅವನೇ ತಟ್ಟೆ ಎಳೆದುಕೊಂಡು ಉಂಡ. ನನಗೆ ಒಂದು ರೊಟ್ಟಿ ಕೊಟ್ಟರು. ನಮಗೆ ಪಲ್ಯಕ್ಕಾಗಿ ಜಗಳವಾಡಲು ಯಾವತ್ತೂ ಪುರುಸೊತ್ತು ಸಿಗಲಿಲ್ಲವಲ್ಲ ಶೀಲಾ. ಅವರ ಮೇಲೆ ನನಗೆ ಬಹಳ ಹೊಟ್ಟೆಕಿಚ್ಚಾಯಿತು.

ಮಳೆ ಹೋಗಲಿ, ಗೋಡೆ ಏಳುತ್ತದೆ.

ಕಾಂತಪ್ಪ


ಬೆಳ್ಮಣ್
9 ಆಗಸ್ಟ್ 2023

ಶ್ರಾವ್ಯಾಳ ಅಪ್ಪನಿಗೆ,

ಮನೆ ನೋಡಲು ಪ್ರತಿ ಭಾನುವಾರ ಹೋಗುತ್ತೀರಿ. ನನ್ನನ್ನು ನೋಡಲು ವರ್ಷಕ್ಕೊಮ್ಮೆ ಬರುತ್ತಿದ್ದವರು ಈ ವರ್ಷ ಅದನ್ನೂ ಬಿಟ್ಟಿರಿ. ಯಾರನ್ನು ಮದುವೆಯಾದದ್ದು ಎಂದು ಅಕ್ಕ ಕೇಳುತ್ತಾಳೆ. ಅವಳು ತಮಾಷೆಗೆ ಕೇಳುವುದು. ನಾನು ನಗಲಿಲ್ಲ.

ಆಟಿ ತಿಂಗಳ ಮಳೆ. ಬೀಡಿ ಎಲೆ ಒಣಗುವುದಿಲ್ಲ.

ಶೀಲಾವತಿ


ಫೋರ್ಟ್, ಮುಂಬಯಿ
26 ನವೆಂಬರ್ 2023

ಶೀಲಾ,

ಬೈದದ್ದು ಸರಿ. ಅದಕ್ಕೇ ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ಇವತ್ತು ಸಿಹಿ ಸುದ್ದಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ದೀಪಾವಳಿಯ ಮುಂಚೆಯೇ ಕೆಲಸ ಶುರುವಾಯಿತು. ನಮ್ಮ ಮನೆಗೆ ಗೋಡೆ ಬಂದಿದೆ, ಕಿಟಕಿಯ ಚೌಕಟ್ಟು ಬಂದಿದೆ. ಈ ವಾರ ಅಡುಗೆಯ ಓಟಾ ಹಾಕಿದರು. ಇಲ್ಲಿಯವರು ಅಡುಗೆಯ ಕಟ್ಟೆಗೆ ಓಟಾ ಎನ್ನುತ್ತಾರೆ, ಕರಿ ಕಲ್ಲಿನದು. ಎಲ್ಲ ಮನೆಗೂ ಒಂದೇ ಎತ್ತರ ಹಾಕುತ್ತಾರೆ. ನಾನು ಬಿಡಲಿಲ್ಲ. ಹುಟ್ಟಿದಲ್ಲಿಂದ ಒಲೆಯ ಮುಂದೆ ನಿಂತವನು ನಾನು, ಕಟ್ಟೆ ಎರಡು ಬೆರಳು ಹೆಚ್ಚು ಕಡಿಮೆಯಾದರೆ ಸೊಂಟ ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲವಾ? ನನ್ನ ಹೆಂಡತಿಯ ಅಳತೆಗೇ ಹಾಕಬೇಕೆಂದು ಮೇಸ್ತ್ರಿಯ ಹತ್ತಿರ ಹಟ ಹಿಡಿದೆ. ಎಷ್ಟು ಎತ್ತರ ಹೇಳಿ ಎಂದ. ಆಗ ಹನುಮವ್ವ ನೀರಿನ ಪೈಪು ಹಿಡಿದು ಅಲ್ಲೇ ನಿಂತಿದ್ದಳು.

"ಅಣ್ಣಾರ, ನಿಮ್ಮ ಮನ್ಯಾನವರು ನನ್ನಷ್ಟ ಎತ್ತರ ಅದಾರೇನ್ರಿ?" ಎಂದಳು.

ನೋಡಿದೆ. ಸರಿಯಾಗಿ ನಿನ್ನಷ್ಟೇ. ಅವಳನ್ನೇ ನಿಲ್ಲಿಸಿ ಅಳತೆ ತೆಗೆಸಿ, ಬೇರೆಯವರದ್ದಕ್ಕಿಂತ ನಾಲ್ಕು ಬೆರಳು ತಗ್ಗಿಸಿ ಹಾಕಿಸಿದೆ. ಇಡೀ ಬಿಲ್ಡಿಂಗಿನಲ್ಲಿ ಹೆಂಡತಿಯ ಅಳತೆಗೆ ಓಟಾ ಹಾಕಿಸಿದವನು ನಾನೊಬ್ಬನೇ ಎಂದು ಮೇಸ್ತ್ರಿ ನಕ್ಕ. ನಗಲಿ.

ಕಾಂತಪ್ಪ


ಬೆಳ್ಮಣ್
6 ಡಿಸೆಂಬರ್ 2023

ಶ್ರಾವ್ಯಾಳ ಅಪ್ಪನಿಗೆ,

ಮೇಸ್ತ್ರಿಯ ಜೊತೆ ನಾನೂ ನಗಬೇಕಾ ಅಳಬೇಕಾ ತಿಳಿಯಲಿಲ್ಲ.

ನಾನು ಗಿಡ್ಡ ಎಂದು ನಿಮಗೆ ಯಾರು ಹೇಳಿದ್ದು? ಈ ಮನೆಯ ಅಟ್ಟದಿಂದ ಉಪ್ಪಿನಕಾಯಿಯ ಭರಣಿ ಇಳಿಸಬೇಕಾದರೆ ಎಲ್ಲರೂ ನನ್ನನ್ನು ಕರೆಯುತ್ತಾರೆ. ನಾಗರತ್ನಕ್ಕ ನನ್ನ ಭುಜಕ್ಕೆ ಬರುತ್ತಾಳೆ. ಮದುವೆಯ ದಿನ ಫೋಟೋದವನು ಹುಡುಗಿ ಉದ್ದ ಕಾಣುತ್ತಾಳೆಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನಿಮ್ಮನ್ನು ಪಕ್ಕದಲ್ಲಿ ನಿಲ್ಲಿಸಿದ್ದು ನೆನಪಿಲ್ಲವಾ? ನೀವು ಹೋಟೆಲಿನಲ್ಲಿ ಗೋಡೆಗೆ ಅಂಟಿಸಿಕೊಂಡದ್ದು ಆ ಫೋಟೋವನ್ನೇ. ರಜೆಯಲ್ಲಿ ಬಂದಾಗಲೂ ನಾನು ಮಡಿಲಲ್ಲಿ ಬೀಡಿಯ ಗೆರಸೆ ಇಟ್ಟು ಕೂತದ್ದನ್ನೇ ನೀವು ಕಂಡದ್ದು. ನಾನು ಎದ್ದು ನಿಂತು ಕೆಲಸ ಮಾಡುವ ಹೊತ್ತಿಗೆ ನೀವು ವರ್ಷದ ನಿದ್ರೆಯನ್ನೆಲ್ಲ ಮಲಗಿ ತೀರಿಸುತ್ತೀರಿ, ಇಲ್ಲವಾದರೆ ಯಾರದೋ ಮದುವೆಗೆ ಹೋಗಿರುತ್ತೀರಿ.

ಯಾರೋ ಹನುಮವ್ವನನ್ನು ನಿಲ್ಲಿಸಿ ನನ್ನ ಅಳತೆ ತೆಗೆದಿರಿ. ಅವಳು ಒಳ್ಳೆಯವಳೇ ಇರಬಹುದು. ಅವಳಿಗೇ ಆ ಕಟ್ಟೆಯಲ್ಲಿ ಅಡುಗೆ ಮಾಡಲು ಹೇಳಿ.

ಶೀಲಾವತಿ


ಫೋರ್ಟ್, ಮುಂಬಯಿ
24 ಡಿಸೆಂಬರ್ 2023

ಶೀಲಾ,

ನಿನ್ನ ಕಾಗದ ಓದಿದ ಮೇಲೆ ಫೋಟೋ ಗೋಡೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿದೆ. ಮೋಸ ಮಾಡಿದ್ದು ಅದೇ. ತಪ್ಪಾಯಿತು ಮಾರಾಯ್ತಿ. ದಿನಕ್ಕೆ ಸಾವಿರ ಇಡ್ಲಿ ಬೇಯಿಸುವವನಿಗೆ ಹೆಂಡತಿಯ ಎತ್ತರ ಗೊತ್ತಿಲ್ಲವೆಂದರೆ ಅವನನ್ನು ಏನೆನ್ನಬೇಕು, ನೀನೇ ಹೇಳು.

ಓಟಾ ಒಡೆಸುತ್ತೇನೆ. ಗುರಲಿಂಗಪ್ಪ ಒಬ್ಬ ಗಾರೆಯವನನ್ನು ಹುಡುಕಿಕೊಡುತ್ತೇನೆ ಎಂದಿದ್ದಾರೆ. ನೀನು ಒಂದು ಕೆಲಸ ಮಾಡು. ನೆಲದಿಂದ ಸೊಂಟದವರೆಗೆ ಒಂದು ನೂಲು ಹಿಡಿದು ಕತ್ತರಿಸಿ ಕಾಗದದ ಒಳಗೆ ಇಟ್ಟು ಕಳಿಸು. ಮತ್ತೆ ತಪ್ಪಾಗುವುದಿಲ್ಲ.

ಮನೆಗೆ ಬಣ್ಣ ಯಾವುದು ಬೇಕೆಂದೂ ಬರೆ. ನನಗೆ ಹಳದಿ ಇಷ್ಟ, ತೀರ ಹಳದಿ ಅಲ್ಲ.

ಕಾಂತಪ್ಪ


ಬೆಳ್ಮಣ್
11 ಜನವರಿ 2024

ಶ್ರಾವ್ಯಾಳ ಅಪ್ಪನಿಗೆ,

ನೂಲು ಕಳಿಸುವುದಿಲ್ಲ. ನೀವೇ ನೆನಪು ಮಾಡಿಕೊಳ್ಳಿ. ನೆನಪಾಗದಿದ್ದರೆ ಬಂದು ನೋಡಿ.

ಈಗ ನಾನು ಕೇಳುವುದಕ್ಕೆ ಉತ್ತರ ಬೇಕು. ಕಳೆದ ವರ್ಷ ಎರಡು ಸಲ ಬರೆದು ಕೇಳಿದೆ, ಫೋನಿನಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಕೇಳಿದಾಗೆಲ್ಲ ನೀವು ಗುಡ್ಡ ಎನ್ನುತ್ತೀರಿ, ಗಾಳಿ ಎನ್ನುತ್ತೀರಿ, ಲೈನು ಸರಿಯಿಲ್ಲ ಎನ್ನುತ್ತೀರಿ. ನೀವು ಬರೆಯಲು ಮರೆಯುವ ಜನ ಅಲ್ಲ. ಭಾಂಡುಪ್‌ನಿಂದ ಫೋರ್ಟಿಗೆ ಬೆಳಿಗ್ಗೆ ಹೇಗೆ ಹೋಗುತ್ತೀರಿ? ನಿಮ್ಮ ಇಡ್ಲಿಯ ಒಲೆ ನಾಲ್ಕಕ್ಕೆ ಹಚ್ಚುವುದೆಂದು ಮದುವೆಯಾದ ವರ್ಷವೇ ನೀವು ಹೇಳಿದ್ದು ನನಗೆ ನೆನಪಿದೆ. ನಾನು ನಿಮ್ಮ ವಿಷಯದಲ್ಲಿ ಏನನ್ನೂ ಮರೆಯುವುದಿಲ್ಲ.

ನಿಜ ಬರೆಯಿರಿ. ನಾನು ಆ ಮನೆಯಲ್ಲಿ ಯಾರ ಜೊತೆ ಇರಬೇಕಾದದ್ದು?

ಶೀಲಾವತಿ


ಫೋರ್ಟ್, ಮುಂಬಯಿ
4 ಫೆಬ್ರವರಿ 2024

ಶೀಲಾ,

ನಿಜ ಬರೆಯುತ್ತೇನೆ.

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಭಾನುವಾರ ಗುರಲಿಂಗಪ್ಪನವರ ಕೋಣೆಯಲ್ಲೇ ಉಳಿದು, ಸೋಮವಾರ ಬೆಳಗಿನ ಮೊದಲ ಲೋಕಲ್ ಹತ್ತಿದೆ. ಮುಂದೆ ದಿನವೂ ಹೀಗೇ ಬರಬೇಕಲ್ಲ, ಅಭ್ಯಾಸವಾಗಲಿ ಎಂದು. ಬರುವಾಗ ಎಷ್ಟು ಖುಷಿಯಲ್ಲಿದ್ದೆನೆಂದರೆ ಪಕ್ಕದಲ್ಲಿದ್ದವನಿಗೆ ನನ್ನ ಮನೆ ಭಾಂಡುಪ್‌ನಲ್ಲಿ ಎಂದು ಕೇಳದೆಯೇ ಹೇಳಿದೆ. ಹೋಟೆಲಿಗೆ ಮುಟ್ಟಿದಾಗ ಒಲೆ ತಣ್ಣಗಿತ್ತು, ಬಾಗಿಲ ಹೊರಗೆ ಗಿರಾಕಿಗಳು ನಿಂತಿದ್ದರು, ಧಣಿಗಳು ಸ್ವತಃ ಹಿಟ್ಟಿನ ಪಾತ್ರೆಯ ಹತ್ತಿರ ನಿಂತಿದ್ದರು. ನನಗೆ ಒಂದು ಮಾತೂ ಬೈಯಲಿಲ್ಲ. ಕಾಂತಪ್ಪ, ವಾರದ ದಿನ ನೀನು ಇಲ್ಲಿಯೇ ಮಲಗಬೇಕಾಗುತ್ತದೆ ಎಂದರು. ಅಷ್ಟೇ.

ಮೊದಲ ಲೋಕಲ್ಲಿಗಿಂತ ಮೊದಲು ಯಾವ ಲೋಕಲ್ಲೂ ಇಲ್ಲ. ಇಷ್ಟು ಸಣ್ಣ ವಿಷಯ ಮನೆ ಹಿಡಿಯುವಾಗ ನನ್ನ ತಲೆಗೆ ಹೋಗಲಿಲ್ಲ. ಇಷ್ಟು ವರ್ಷ ಕೆಲಸದ ಜಾಗದಲ್ಲೇ ಮಲಗಿ ಎದ್ದವನು ನಾನು. ಕೆಲಸಕ್ಕೆ ಹೋಗುವುದು ಎಂದರೆ ಏಣಿ ಇಳಿಯುವುದು ಎಂದೇ ನನಗೆ ಗೊತ್ತು. ಮನೆಯಿಂದ ಕೆಲಸಕ್ಕೆ ಹೋಗಬೇಕಾಗುತ್ತದೆಂದು ಗೊತ್ತಿರಲಿಲ್ಲ.

ಹಾಗಾಗಿ, ಮನೆಯಾದ ಮೇಲೆ ನಾನು ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡಬೇಕು. ಇದನ್ನು ನಿನಗೆ ಬರೆದರೆ ನೀನು ಬರುವುದಿಲ್ಲವೆಂದು ಹೆದರಿ ಬರೆಯಲಿಲ್ಲ. ಏನಾದರೂ ದಾರಿಯಾಗುತ್ತದೆ ಎಂದುಕೊಂಡೆ. ಒಂದೊಂದು ಭಾನುವಾರವೂ ಗೋಡೆ ನೋಡಿದಾಗ ದಾರಿಯಾಗುತ್ತದೆ ಎಂದೇ ಅನ್ನಿಸುತ್ತಿತ್ತು.

ನಿನ್ನ ಎತ್ತರ ನೆನಪು ಮಾಡಿಕೊಳ್ಳಲು ನೋಡಿದೆ. ಸಿಗಲಿಲ್ಲ. ನೀನು ಎಲೆ ಕತ್ತರಿಸುವ ಕತ್ತರಿಯ ಸದ್ದು ನೆನಪಿದೆ. ಸೊಳ್ಳೆಗೆ ಬೈಯುವುದು ನೆನಪಿದೆ. ನಾನು ಹೊರಡುವ ದಿನ ನೀನು ಅಂಗಳಕ್ಕೆ ಬರುವುದಿಲ್ಲ, ಒಳಗೇ ಇರುತ್ತೀ. ಹಾಗಾಗಿ ನಿಂತ ನಿನ್ನನ್ನು ನೋಡಿದ ನೆನಪು ನನ್ನ ಹತ್ತಿರ ಇಲ್ಲ.

ಇನ್ನು ಬರೆಯುವುದಕ್ಕೆ ಏನಿದೆ.

ಕಾಂತಪ್ಪ


ಬೆಳ್ಮಣ್
15 ಫೆಬ್ರವರಿ 2024

ಶ್ರಾವ್ಯಾಳ ಅಪ್ಪನಿಗೆ,

ಭಾನುವಾರದ ಗಂಡ ನನಗೆ ಬೇಡ.

ವರ್ಷಕ್ಕೊಮ್ಮೆ ಬರುವ ಗಂಡ ಬಂದರೆ ಒಂದು ತಿಂಗಳಾದರೂ ಇರುತ್ತಾನೆ. ಅವನು ಹೋದ ಮೇಲೆ ಅಳುವುದು ಒಂದು ಸಲ. ಅಲ್ಲಿ ವಾರವಾರವೂ ಅಳಬೇಕು, ಅದೂ ಒಬ್ಬಳೇ, ಗುರುತಿಲ್ಲದವರ ಗೋಡೆಯ ನಡುವೆ. ನನ್ನಿಂದ ಆಗುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಹಳ ಸಿಟ್ಟಿದೆ. ಅಂಗಳಕ್ಕೆ ಬರುವುದಿಲ್ಲ ಎಂದು ಬರೆದಿದ್ದೀರಿ. ನಾನು ಮಾಡಿನ ಕಿಂಡಿಯಿಂದ ಬಸ್ಸು ತಿರುಗುವವರೆಗೂ ನೋಡುತ್ತೇನೆ. ನೀವು ಒಮ್ಮೆಯೂ ಹಿಂದೆ ತಿರುಗಿ ನೋಡಿದವರಲ್ಲ.

ಮನೆಯನ್ನು ಏನು ಬೇಕಾದರೂ ಮಾಡಿ.

ಶೀಲಾವತಿ


ಭಾಂಡುಪ್, ಮುಂಬಯಿ
2 ಜೂನ್ 2024, ಭಾನುವಾರ

ಶೀಲಾ,

ಮೂರು ತಿಂಗಳು ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಫೋನಿನಲ್ಲಿ ಮಾತ್ರ ಊಟ ಆಯಿತಾ ಆಯಿತು ನಡೆಯುತ್ತಿತ್ತು. ನೀನು ಆಯಿತು ಎನ್ನುವಾಗ ಆಗಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು.

ಈ ಕಾಗದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಏಪ್ರಿಲ್ ಕೊನೆಗೆ ಕೀಲಿಕೈ ಕೊಟ್ಟರು. ಒಕ್ಕಲು ಮಾಡಿಲ್ಲ. ನೀನಿಲ್ಲದೆ ಯಾವ ಒಕ್ಕಲು? ಭಟ್ಟರನ್ನು ಕರೆಯಲಿಲ್ಲ, ಹಾಲು ಉಕ್ಕಿಸಲಿಲ್ಲ. ಬಾಗಿಲು ತೆಗೆದು ಒಳಗೆ ಬಂದು ನೆಲದ ಮೇಲೆ ಕೂತೆ. ಮನುಷ್ಯರಿಲ್ಲದ ಮನೆಯಲ್ಲಿ ಕೆಮ್ಮಿದರೂ ಯಾರೋ ಕೆಮ್ಮಿದ ಹಾಗೆ ಕೇಳುತ್ತದೆ. ಹೋಟೆಲಿನ ಅಟ್ಟದಲ್ಲಿ ಅಷ್ಟು ಜನರ ನಡುವೆ ಇದ್ದಾಗಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ. ಈ ಮನೆಯಲ್ಲಿ ಆರು ದಿನ ನಿನ್ನನ್ನು ಹೀಗೆ ಕೂರಿಸಬೇಕೆಂದಿದ್ದೆನಲ್ಲ ಎಂದು ಆಗ ತಿಳಿಯಿತು. ನೀನು ಹೇಳಿದ್ದೇ ಸರಿ. ನಾನಾದರೆ ಒಂದು ವಾರವೂ ಇರುತ್ತಿರಲಿಲ್ಲ.

ಮರುದಿನ ಧಣಿಗಳ ಹತ್ತಿರ ಹಗಲಿನ ಪಾಳಿ ಕೇಳಿದೆ. ಬೆಳಗಿನ ಒಲೆಗೆಂದೇ ನಿನ್ನನ್ನು ಇಟ್ಟುಕೊಂಡದ್ದು, ಅದನ್ನು ಬಿಟ್ಟರೆ ಇಲ್ಲಿ ನಿನಗೆ ಕೆಲಸವೇನು ಎಂದರು. ಅವರದ್ದೂ ತಪ್ಪಲ್ಲ. ಮೇ ಮುಗಿಯುವವರೆಗೆ ನಿಂತು, ಒಲೆಯನ್ನು ಬೇರೆಯವರಿಗೆ ಒಪ್ಪಿಸಿ ಬಿಟ್ಟು ಬಂದೆ. ಹೊರಡುವಾಗ ಸಾಂಬಾರಿನ ಕೊಪ್ಪರಿಗೆ ಮುಟ್ಟಿ ನಮಸ್ಕಾರ ಮಾಡಿದೆ. ದಿನವೂ ಇಡ್ಲಿಗೆ ಬರುವ ಕೋರ್ಟಿನ ಇಬ್ಬರು ವಕೀಲರು ಕೈಹಿಡಿದು ಎಲ್ಲಿಗೆ ಹೋಗುತ್ತೀ ಎಂದು ಕೇಳಿದರು. ಮನೆಗೆ ಎಂದೆ.

ನಾಳೆಯಿಂದ ಇಲ್ಲೇ ಭಾಂಡುಪ್ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ. ಬೆಳಿಗ್ಗೆ ಗಂಜಿ ಉಂಡು ಹೊರಡುವುದು, ಸಂಜೆ ದೀಪ ಹಚ್ಚಿದ ಮೇಲೆ ಬರುವುದು, ದಾರಿ ನಡೆದುಕೊಂಡು ಹೋಗುವಷ್ಟು. ಅಲ್ಲಿ ಷೆಜ್ವಾನ್ ದೋಸೆ ಎಂದು ಒಂದು ಕೆಂಪು ದೋಸೆ ಹೊಯ್ಯಬೇಕಂತೆ. ದೋಸೆಯ ಒಳಗೆ ಚೈನೀಸ್ ನೂಡಲ್ಸ್ ತುಂಬಬೇಕಂತೆ. ನನ್ನ ಗುರುಗಳು ಇದ್ದಿದ್ದರೆ ಸೌಟಿನಲ್ಲಿ ಹೊಡೆಯುತ್ತಿದ್ದರು. ನಾನು ಹೊಯ್ಯುತ್ತೇನೆ.

ನಿನ್ನನ್ನು ಕರೆಸಿಕೊಳ್ಳಲಿಕ್ಕೆ ಇದನ್ನು ಮಾಡಿದ್ದಲ್ಲ ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು. ನಿನ್ನನ್ನು ಕರೆಸಿಕೊಳ್ಳಲಿಕ್ಕೇ ಮಾಡಿದ್ದು. ನೀನು ಬಾರದಿದ್ದರೂ ಒಲೆ ವಾಪಸ್ಸು ಕೇಳುವುದಿಲ್ಲ. ಬೀಡಿ ಕಟ್ಟುವುದು, ಬಿಡುವುದು ನಿನ್ನ ಇಷ್ಟ. ನಮ್ಮ ಕಡೆಯ ಇಬ್ಬರು ಹೆಂಗಸರು ಕೆಳಗಿನ ಮಾಳಿಗೆಯಲ್ಲಿದ್ದಾರೆ, ಮಾತಿಗೆ ನಿಲ್ಲಿಸಿದರೆ ಬಿಡುವುದಿಲ್ಲ. ಓಟಾ ಒಡೆಸಿಲ್ಲ. ನೀನು ಅದರ ಮುಂದೆ ನಿಂತ ಮೇಲೆ ಒಡೆಸೋಣ.

ಇವತ್ತು ಮೊದಲ ಸಲ ಇಲ್ಲಿ ಅನ್ನ ಮಾಡಿದೆ. ಗುರಲಿಂಗಪ್ಪ, ಹನುಮವ್ವ ನಾಳೆ ಮುಲುಂಡ್‌ನ ಬೇರೆ ಬಿಲ್ಡಿಂಗಿಗೆ ಹೋಗುತ್ತಾರೆ, ಅವರನ್ನು ಊಟಕ್ಕೆ ಕರೆದಿದ್ದೆ. ಅಂದಾಜು ಸಿಗದೆ ಕೈಗೆ ಬಂದಷ್ಟು ಅಕ್ಕಿ ಹಾಕಿದೆ. ಪಾತ್ರೆ ತುಂಬಿ ಉಕ್ಕಿ ಒಲೆಯೇ ಆರಿತು. ಮೂವರು ಉಂಡು, ವಾಚ್‌ಮನ್‌ಗಳಿಗೆಲ್ಲ ಹಂಚಿ, ಇನ್ನೂ ಉಳಿದಿದೆ. ಅವ್ವಾರು ಯಾವಾಗ ಬರುತ್ತಾರೆ ಎಂದು ಹನುಮವ್ವ ಕೇಳಿದಳು. ನಾನು ಅವಳಿಗೆ ಇನ್ನಷ್ಟು ಬಡಿಸಿದೆ.

ಒಂದು ವಿಷಯ ಕೇಳಬೇಕು. ಐನೂರು ಜನರಿಗೆ ಎಷ್ಟು ಅಕ್ಕಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇಬ್ಬರಿಗೆ ಎಷ್ಟು ಹಾಕಬೇಕು ಶೀಲಾ?

ಕಾಂತಪ್ಪ


ಬೆಳ್ಮಣ್
13 ಜೂನ್ 2024

ಇವರಿಗೆ,

ನಿಮ್ಮ ಕಾಗದವನ್ನು ಈ ಸಲ ಅಕ್ಕನಿಗೆ ಪೂರ್ತಿ ಓದಿ ಹೇಳಿದೆ. ಅವಳು ಏನೂ ತಮಾಷೆ ಮಾಡಲಿಲ್ಲ. ಎದ್ದು ಹೋಗಿ ಅಟ್ಟದ ಕೆಳಗೆ ನಿಂತು, ನನ್ನ ಟ್ರಂಕು ನೀನೇ ಇಳಿಸಿ ತೆಗೆದುಕೋ, ನನ್ನ ಕೈಗೆ ಸಿಗುವುದಿಲ್ಲ ಎಂದಳು.

ಇಪ್ಪತ್ತೆರಡಕ್ಕೆ ಮತ್ಸ್ಯಗಂಧ ರೈಲಿನಲ್ಲಿ ಟಿಕೇಟು ಸಿಕ್ಕಿದೆ. ಶ್ರಾವ್ಯಾ ಮಾಡಿಸಿದಳು. ಮರುದಿನ ಬೆಳಿಗ್ಗೆ ಥಾಣೆಯಲ್ಲಿ ಇಳಿಯಬೇಕಂತೆ. ಗೆರಸೆ, ಕತ್ತರಿ ತರುತ್ತಿದ್ದೇನೆ. ತುಳಸಿಯ ಗಿಡವನ್ನು ಬೇರಿನ ಮಣ್ಣು ಸಮೇತ ತರುತ್ತಿದ್ದೇನೆ. ಒಕ್ಕಲಿಗೆ ಯಾರನ್ನೂ ಕರೆಯಬೇಡಿ. ಸ್ವಲ್ಪ ದಿನ ನಾವಿಬ್ಬರೇ ಇದ್ದು ನೋಡೋಣ, ಆಗುತ್ತದಾ ಎಂದು. ನನಗೆ ನಿಮ್ಮ ಜೊತೆ ಒಂದು ತಿಂಗಳು ಇದ್ದು ಗೊತ್ತು, ಅದರ ಮರುದಿನ ಹೇಗಿರುತ್ತದೆಂದು ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನನಗೆ ಬಹಳ ಹೆದರಿಕೆ ಇದೆ, ಬಹಳ ಆಸೆಯೂ ಇದೆ, ಎರಡೂ ಒಟ್ಟಿಗೆ ಬಂದು ಮೂರು ದಿನದಿಂದ ನಿದ್ದೆಯಿಲ್ಲ.

ಇಬ್ಬರಿಗೆ ಎಷ್ಟು ಅಕ್ಕಿ ಎಂದು ಕೇಳಿದ್ದೀರಿ. ಉತ್ತರ ಬರೆಯೋಣವೆಂದು ಅಕ್ಕಿ ಮಡಕೆಯ ಮುಂದೆ ಸೇರು ಹಿಡಿದು ನಿಂತೆ. ಕೈ ಮುಂದೆ ಹೋಗಲಿಲ್ಲ. ಈ ಮನೆಯಲ್ಲಿ ಯಾವಾಗಲೂ ಹತ್ತು ಹನ್ನೆರಡು ಜನ. ಮದುವೆಯಾದಲ್ಲಿಂದ ಇವತ್ತಿನವರೆಗೆ ನಾನೂ ಇಬ್ಬರಿಗೆಂದು ಒಂದು ದಿನವೂ ಅನ್ನ ಮಾಡಿಲ್ಲ.

ಶೀಲಾ